ಅಮೆರಿಕದ ಮೊದಲ ಸಂವಿಧಾನವನ್ನು ತಿದ್ದದೆ ಬದಲಿಸಿದ್ದೇಕೆ?

ಪ್ರಶ್ನೆ: ಅಮೆರಿಕಕ್ಕೆ ಈಗಿನ ಸಂವಿಧಾನಕ್ಕೂ ಮೊದಲು ಬೇರೊಂದು ಇತ್ತೆಂದೂ, ಅದು ದುರ್ಬಲವಾಗಿದ್ದುದರಿಂದ ಅದನ್ನು ಕೈಬಿಟ್ಟರೆಂದೂ ಓದಿದ್ದೇನೆ. ದೋಷಗಳಿದ್ದರೆ ತಿದ್ದುಪಡಿ ಮಾಡಬಹುದಿತ್ತಲ್ಲವೇ?

ಉತ್ತರ: ತಿದ್ದಲು ಅವರು ಪ್ರಯತ್ನಿಸದೆ ಇರಲಿಲ್ಲ. ಎರಡು ಬಾರಿ ಪ್ರಯತ್ನಿಸಿದರು, ಎರಡು ಬಾರಿಯೂ ಸೋತರು. ನಿಮ್ಮ ಪ್ರಶ್ನೆಗೆ ಉತ್ತರವಿರುವುದು ಆ ಸೋಲುಗಳಲ್ಲೇ.

ಆ ಮೊದಲ ಸಂವಿಧಾನವೆಂದರೆ ಆರ್ಟಿಕಲ್ಸ್ ಆಫ್ ಕಾನ್ಫೆಡರೇಷನ್ ಎಂಬ, ರಾಜ್ಯಗಳ ನಡುವಿನ ಒಡಂಬಡಿಕೆ. ಅದನ್ನು ರಾಜ್ಯಗಳ ಪ್ರತಿನಿಧಿಗಳ ಸಭೆಯಾದ ಕಾಂಗ್ರೆಸ್ 1777ರ ನವೆಂಬರ್‌ನಲ್ಲಿ ಅಂಗೀಕರಿಸಿತು; ಹದಿಮೂರೂ ರಾಜ್ಯಗಳ ಒಪ್ಪಿಗೆ ದೊರೆತು ಅದು ಜಾರಿಗೆ ಬಂದದ್ದು 1781ರ ಮಾರ್ಚ್ 1ರಂದು. ಅದರ ದೌರ್ಬಲ್ಯ ಬರೆದವರ ಅಜಾಗರೂಕತೆಯಿಂದ ಬಂದದ್ದಲ್ಲ. ದೂರದ ಬ್ರಿಟಿಷ್ ಪಾರ್ಲಿಮೆಂಟು ತಮ್ಮನ್ನು ಕೇಳದೆ ವಿಧಿಸಿದ ತೆರಿಗೆಯ ವಿರುದ್ಧ ಬಂಡೆದ್ದಿದ್ದ ಜನ, ತಮ್ಮದೇ ಕೇಂದ್ರದ ಕೈಗೂ ಆ ಅಧಿಕಾರವನ್ನು ಕೊಡಲು ಹೆದರಿದರು. ಆದ್ದರಿಂದ ಪ್ರತಿ ರಾಜ್ಯವೂ ತನ್ನ ಸಾರ್ವಭೌಮತ್ವವನ್ನು ಉಳಿಸಿಕೊಂಡಿತು; ದೊಡ್ಡದಿರಲಿ ಚಿಕ್ಕದಿರಲಿ, ಕಾಂಗ್ರೆಸ್ಸಿನಲ್ಲಿ ಪ್ರತಿ ರಾಜ್ಯಕ್ಕೂ ಒಂದೇ ಮತ. ಪ್ರತ್ಯೇಕ ಕಾರ್ಯಾಂಗವಾಗಲಿ, ರಾಷ್ಟ್ರಮಟ್ಟದ ಸಾಮಾನ್ಯ ನ್ಯಾಯಾಲಯ ವ್ಯವಸ್ಥೆಯಾಗಲಿ ಇರಲಿಲ್ಲ.

ಎಲ್ಲಕ್ಕಿಂತ ಹೆಚ್ಚು ಕಾಡಿದ್ದು ಹಣದ ಪ್ರಶ್ನೆ. ಕಾಂಗ್ರೆಸ್ಸಿಗೆ ತೆರಿಗೆ ಹಾಕುವ ಅಧಿಕಾರವಿರಲಿಲ್ಲ. ರಾಜ್ಯಗಳಿಗೆ ಇಂತಿಷ್ಟು ಕೊಡಿ ಎಂದು ಬರೆದು ಕಾಯಬೇಕಿತ್ತು, ಕೊಡದಿದ್ದರೆ ವಸೂಲಿ ಮಾಡುವ ದಾರಿಯೇ ಇರಲಿಲ್ಲ. ಸ್ವಾತಂತ್ರ್ಯಕ್ಕಾಗಿ ಹೋರಾಡಿದ ಸೈನಿಕರ ಸಂಬಳವೂ ಬಾಕಿ ಉಳಿಯಿತು. 1783ರ ಜೂನ್‌ನಲ್ಲಿ ಅಂಥ ಸೈನಿಕರು ಫಿಲಡೆಲ್ಫಿಯಾದಲ್ಲಿ ಕಾಂಗ್ರೆಸ್ ಸೇರಿದ್ದ ಕಟ್ಟಡವನ್ನು ಸುತ್ತುವರಿದಾಗ ಪೆನ್ಸಿಲ್ವೇನಿಯಾ ಸರ್ಕಾರ ರಕ್ಷಣೆಗೆ ಮುಂದಾಗಲಿಲ್ಲ. ಸದಸ್ಯರು ಪ್ರಿನ್ಸ್‌ಟನ್‌ಗೆ ತೆರಳಬೇಕಾಯಿತು. ತನ್ನನ್ನು ಗೆಲ್ಲಿಸಿದ ಸೈನಿಕನಿಗೆ ಕೂಲಿ ಕೊಡಲಾಗದ ಸರ್ಕಾರವನ್ನು ಸರ್ಕಾರವೆಂದು ಕರೆಯುವುದು ಕಷ್ಟ.

ಈ ಕೊರತೆ ನೀಗಿಸಲು, ಆಮದು ಸರಕಿನ ಮೇಲೆ ಶೇ 5ರಷ್ಟು ಸುಂಕ ವಿಧಿಸುವ ಅಧಿಕಾರವೊಂದನ್ನಾದರೂ ಕೊಡಿ ಎಂದು ಕಾಂಗ್ರೆಸ್ 1781ರಲ್ಲಿ ಕೇಳಿತು. ಆದರೆ ಒಡಂಬಡಿಕೆಯ ಒಂದಕ್ಷರ ಬದಲಿಸಲೂ ಹದಿಮೂರು ರಾಜ್ಯಗಳ ಒಮ್ಮತ ಬೇಕಿತ್ತು. 1782ರಲ್ಲಿ ಎಲ್ಲಕ್ಕಿಂತ ಚಿಕ್ಕ ರಾಜ್ಯವಾದ ರೋಡ್ ಐಲ್ಯಾಂಡ್ ಒಪ್ಪಲಿಲ್ಲ. 1783ರಲ್ಲಿ ಮತ್ತೆ ಮುಂದಿಟ್ಟ ಸುಂಕದ ಪ್ರಸ್ತಾವ, ತನ್ನ ಬಂದರಿನ ಆದಾಯವನ್ನು ಬಿಟ್ಟುಕೊಡಲು ಹಿಂಜರಿದ ನ್ಯೂಯಾರ್ಕ್ ಹಾಕಿದ ಷರತ್ತುಗಳಿಂದಾಗಿ 1786ರಲ್ಲಿ ಬಿದ್ದುಹೋಯಿತು. ರೋಗಕ್ಕೆ ಔಷಧ ಕೊಡಲು ರೋಗವೇ ಬಿಡುತ್ತಿರಲಿಲ್ಲ.

ಅದೇ ವರ್ಷ ಪಶ್ಚಿಮ ಮ್ಯಾಸಚೂಸೆಟ್ಸ್‌ನಲ್ಲಿ ಸಾಲ ಮತ್ತು ತೆರಿಗೆಯ ಭಾರಕ್ಕೆ ಸಿಲುಕಿದ ರೈತರು, ಜಮೀನು ಜಪ್ತಿಗೆ ಆದೇಶಿಸುತ್ತಿದ್ದ ನ್ಯಾಯಾಲಯಗಳು ನಡೆಯದಂತೆ ತಡೆದರು. ಯುದ್ಧದಲ್ಲಿ ಹೋರಾಡಿದ್ದ ಡೇನಿಯಲ್ ಶೇಸ್ ಅವರ ನಾಯಕರಲ್ಲೊಬ್ಬ. 1787ರ ಜನವರಿಯಲ್ಲಿ ಅವರು ಸ್ಪ್ರಿಂಗ್‌ಫೀಲ್ಡ್‌ನ ಶಸ್ತ್ರಾಗಾರದತ್ತ ನಡೆದರು. ಅದು ಒಕ್ಕೂಟದ ಶಸ್ತ್ರಾಗಾರವಾಗಿದ್ದರೂ ಅದನ್ನು ಉಳಿಸಿದ್ದು ರಾಜ್ಯದ ಸೇನೆ. ದಂಗೆಯನ್ನು ಅಡಗಿಸಲು ಹೊರಟ ಪಡೆಗೆ ಹಣ ಬಂದದ್ದು ಬಾಸ್ಟನ್‌ನ ವರ್ತಕರ ಜೇಬಿನಿಂದ. ಆ ರೈತರ ಸಂಕಟ ನಿಜವಾದದ್ದೇ ಎಂದು ನಾನು ಭಾವಿಸುತ್ತೇನೆ, ಆದರೆ ಅವರನ್ನು ತಡೆಯಲಾಗಲಿ ಅವರ ಭಾರ ಇಳಿಸಲಾಗಲಿ ಕಾಂಗ್ರೆಸ್ಸಿಗೆ ಶಕ್ತಿಯಿರಲಿಲ್ಲ.

ಹೀಗೆ 1787ರ ಮೇ ತಿಂಗಳಲ್ಲಿ, ಇದ್ದ ಒಡಂಬಡಿಕೆಯನ್ನು ಪರಿಷ್ಕರಿಸುವುದಕ್ಕೆಂದಷ್ಟೇ ಅನುಮತಿ ಪಡೆದು ಫಿಲಡೆಲ್ಫಿಯಾದಲ್ಲಿ ಸೇರಿದವರು ಹೊಸದನ್ನೇ ಬರೆದರು. ರಾಜ್ಯಗಳಿಗೆ ಮನವಿ ಮಾಡುವ ಬದಲು ನೇರವಾಗಿ ಪ್ರಜೆಗಳಿಗೆ ಅನ್ವಯಿಸುವ ಕಾನೂನು ಮಾಡುವ, ತೆರಿಗೆ ಎತ್ತುವ ಅಧಿಕಾರ ಕೇಂದ್ರಕ್ಕೆ ಬಂತು. ಒಮ್ಮತದ ಷರತ್ತನ್ನೂ ಅವರು ಬದಿಗಿಟ್ಟರು: ಒಂಬತ್ತು ರಾಜ್ಯಗಳು ಒಪ್ಪಿದರೆ ಆ ರಾಜ್ಯಗಳ ನಡುವೆ ಅದು ಜಾರಿ. ಹಳೆಯ ಒಡಂಬಡಿಕೆಯ ಪ್ರಕಾರ ಇದು ನಿಯಮಬಾಹಿರ ಎಂಬ ಆಕ್ಷೇಪಕ್ಕೆ ಬಲವಿದೆ. ಬೇರೆ ದಾರಿ ಮಾತ್ರ ನನಗೆ ಕಾಣುವುದಿಲ್ಲ. 1788ರ ಜೂನ್ 21ರಂದು ನ್ಯೂ ಹ್ಯಾಂಪ್‌ಶೈರ್ ಒಂಬತ್ತನೆಯದಾಗಿ ಒಪ್ಪಿತು. ಹೊಸ ಕಾಂಗ್ರೆಸ್ 1789ರ ಜುಲೈನಲ್ಲೇ ಆಮದು ಸುಂಕದ ಕಾಯ್ದೆಯನ್ನು ಜಾರಿಗೆ ತಂದಿತು; ಫಿಲಡೆಲ್ಫಿಯಾಕ್ಕೆ ಪ್ರತಿನಿಧಿಗಳನ್ನೇ ಕಳಿಸದಿದ್ದ ರೋಡ್ ಐಲ್ಯಾಂಡ್ 1790ರ ಮೇ ತಿಂಗಳಲ್ಲಿ, ಹದಿಮೂರರಲ್ಲಿ ಕೊನೆಯದಾಗಿ, ಸಂವಿಧಾನವನ್ನು ಅನುಮೋದಿಸಿತು.