ಉತ್ತರಮೇರೂರಿನ ದೇವಸ್ಥಾನದ ಗೋಡೆಯಲ್ಲಿ ಚುನಾವಣೆಯ ನಿಯಮಗಳಿವೆ ಎನ್ನುವುದು ನಿಜವೇ?

ನಿಜ. ತಮಿಳುನಾಡಿನ ಕಾಂಚೀಪುರಂ ಜಿಲ್ಲೆಯ ಈ ಊರಿನ ವೈಕುಂಠ ಪೆರುಮಾಳ್ ಗುಡಿಯಲ್ಲಿ ಚೋಳ ದೊರೆ ಒಂದನೇ ಪರಾಂತಕನ ಕಾಲದ ಎರಡು ಶಾಸನಗಳಿವೆ, ಕ್ರಿ.ಶ. 919 ಮತ್ತು 921ರವು. ಅಗ್ರಹಾರದ ಸಭೆಗೆ ಸಮಿತಿಗಳನ್ನು ಆರಿಸುವ ಬಗೆ ಅವುಗಳಲ್ಲಿದೆ.

ಊರನ್ನು 30 ಕೇರಿಗಳಾಗಿ ವಿಂಗಡಿಸಿದ್ದರು. ಅರ್ಹರ ಹೆಸರುಗಳನ್ನು ಓಲೆಗರಿಯಲ್ಲಿ ಬರೆದು ಕೊಡಕ್ಕೆ ಹಾಕಿ, ಏನೂ ಅರಿಯದ ಹುಡುಗನ ಕೈಯಲ್ಲಿ ಎತ್ತಿಸುತ್ತಿದ್ದರು. ಇದೇ 'ಕುಡವೋಲೈ'. ಅಂದರೆ ಮತದಾನವಲ್ಲ, ಚೀಟಿ ಎತ್ತುವುದು. 'ಜಗತ್ತಿನ ಮೊದಲ ಪ್ರಜಾಪ್ರಭುತ್ವ' ಎಂಬ ಮಾತು ನನಗಂತೂ ಅತಿಯೆನಿಸುತ್ತದೆ. 921ರ ನಿಯಮದಂತೆ ವಯಸ್ಸು 35ರಿಂದ 70ರೊಳಗಿರಬೇಕು, ತೆರಿಗೆ ಕಟ್ಟುವ ಜಮೀನು, ಸ್ವಂತ ನಿವೇಶನದಲ್ಲಿ ಮನೆ, ವೇದಜ್ಞಾನ ಇರಬೇಕು. ಉಳಿದ ಜನಕ್ಕೆ ಅಲ್ಲಿ ಜಾಗವೇ ಇಲ್ಲ.

ಆದರೆ ಅನರ್ಹತೆಯ ಪಟ್ಟಿ ಓದಿದರೆ ಬೆರಗಾಗುತ್ತದೆ. ಹಿಂದೆ ಸಮಿತಿಯಲ್ಲಿದ್ದು ಲೆಕ್ಕ ಒಪ್ಪಿಸದವನು ಮಾತ್ರವಲ್ಲ, ಅವನ ಹತ್ತಿರದ ನೆಂಟರೂ ಹೊರಗೆ! ಕಳೆದ ಮೂರು ವರ್ಷಗಳಲ್ಲಿ ಸಮಿತಿಯಲ್ಲಿದ್ದವರಿಗೂ ಅವಕಾಶವಿಲ್ಲ. ವಾರ್ಷಿಕ ಸಮಿತಿಗೆ 12, ತೋಟದ ಸಮಿತಿಗೆ 12, ಕೆರೆ ಸಮಿತಿಗೆ 6 ಜನ.