ಕುಷ್ಠರೋಗ ವಾಸಿಯಾದವರನ್ನು ಮನೆಗೆ ಕರೆಯಬಹುದೇ?

ನಿಮ್ಮ ಚರ್ಚಿಗೆ ಬರುವ, ಕುಷ್ಠರೋಗ ವಾಸಿಯಾದ ಹಿರಿಯರ ಪಕ್ಕ ಯಾರೂ ಕೂರುವುದಿಲ್ಲ, ಅವರನ್ನು ಊಟಕ್ಕೆ ಕರೆಯೋಣವೆಂದರೆ ಅತ್ತೆಯವರು ಬೇಡ ಅನ್ನುತ್ತಾರೆ, ಏನು ಮಾಡಲಿ ಅಂತ ಕೇಳಿದ್ದೀರಿ. ಖಂಡಿತ ಕರೆಯಿರಿ. ಆದರೆ ಅತ್ತೆಯವರ ಭಯವನ್ನು ಹಗುರವಾಗಿ ತಳ್ಳಿಹಾಕಬೇಡಿ. ಅವರು ಚಿಕ್ಕವರಿದ್ದಾಗ ಊರವರೆಲ್ಲ ಹೆದರುತ್ತಿದ್ದ ಕಾಯಿಲೆ ಇದು. 1980ರ ದಶಕದಲ್ಲಿ ಬಂದ ಬಹುಔಷಧ ಚಿಕಿತ್ಸೆಯ ಗುಳಿಗೆ ಶುರುಮಾಡಿದ ಸ್ವಲ್ಪ ದಿನಕ್ಕೇ ರೋಗ ಹರಡುವುದು ನಿಲ್ಲುತ್ತದೆ. ಇವರಿಗಂತೂ ವಾಸಿಯೇ ಆಗಿದೆ. ಬೆರಳು ಮುದುಡಿದ್ದರೆ ಅದು ಹಿಂದೆ ನರಕ್ಕಾದ ಪೆಟ್ಟಿನ ಗುರುತು, ಸೋಂಕಿನದಲ್ಲ. ಈ ಮಾತನ್ನು ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರ ಬಾಯಿಂದಲೇ ಅತ್ತೆಯವರಿಗೆ ಹೇಳಿಸಿ.

ಮಾರ್ಕನ ಸುವಾರ್ತೆಯ ಒಂದನೇ ಅಧ್ಯಾಯವನ್ನೂ ಅವರ ಜೊತೆ ಕೂತು ಓದಿ. ಯೇಸು ಕುಷ್ಠರೋಗಿಯನ್ನು ಮುಟ್ಟಿದ್ದು ಅವನು ವಾಸಿಯಾಗುವ ಮೊದಲು. ಬರೀ ಮಾತಿನಿಂದಲೇ ಗುಣಪಡಿಸಬಹುದಿತ್ತು, ಆದರೂ ಕೈಚಾಚಿದರು. ಮಂಗಳೂರಿನ ಕಂಕನಾಡಿಯಲ್ಲಿ ಫಾದರ್ ಮುಲ್ಲರ್ 1890ರಲ್ಲಿ, ಈಗಿನ ಯಾವ ಮದ್ದೂ ಇಲ್ಲದಾಗಲೇ, ಕುಷ್ಠರೋಗಿಗಳಿಗೆ ಆಸರೆ ಕಟ್ಟಿದರು.

ಆ ಹಿರಿಯರು ಮನೆಗೆ ಬಂದಾಗ ಒಂದು ಎಚ್ಚರ ಇರಲಿ. ಕೈಗೆ ಸ್ಪರ್ಶ ತಿಳಿಯದಿದ್ದರೆ ಬಿಸಿ ಸ್ಟೀಲ್ ಲೋಟ ಸುಟ್ಟರೂ ಗೊತ್ತಾಗುವುದಿಲ್ಲ, ಗುಳ್ಳೆ ಎದ್ದ ಮೇಲೆಯೇ ಕಾಣುವುದು. ಅದಕ್ಕೇ ಅವತ್ತು ಎಲ್ಲರಿಗೂ ಹಿಡಿಯಿರುವ ಕಪ್ಪಿನಲ್ಲೇ ಕಾಫಿ ಕೊಡಿ. ಅವರಿಗೊಬ್ಬರಿಗೇ ಬೇರೆ ಲೋಟ ಎತ್ತಿಡುವುದಾದರೆ, ದಯವಿಟ್ಟು ಕರೆಯಲೇಬೇಡಿ, ಆ ನೋವು ಅವರು ಸಾಕಷ್ಟು ಉಂಡಿದ್ದಾರೆ. ಊಟ ಮುಂದಿನ ಮಾತಾಯಿತು, ಈ ಭಾನುವಾರವೇ ಚರ್ಚಿನಲ್ಲಿ ಅವರ ಪಕ್ಕ ಹೋಗಿ ಕೂತುಕೊಳ್ಳಿ.