‘ಶೇಡ್-ಗ್ರೋನ್’ ಅಂದರೆ ನೆರಳಲ್ಲಿ ಒಣಗಿಸಿದ್ದಲ್ಲ

ಪ್ರಶ್ನೆ: ಮೂಡಿಗೆರೆ ಹತ್ತಿರ ನಮ್ಮ ತೋಟ. ಪುಡಿಯ ಪ್ಯಾಕೆಟ್ ಮೇಲೆ ‘ಶೇಡ್ ಗ್ರೋಯಿಂಗ್ ಕಾಫಿ’ ಎಂದು ಹಾಕಿಸುತ್ತಿದ್ದೇವೆ. ‘ಶೇಡ್-ಗ್ರೋನ್’ ಆಗಬೇಕು ಅನ್ನುತ್ತಾರೆ. ನಡುವಿನ ಗೆರೆ ಬೇಕೇ ಬೇಕಾ?

ಉತ್ತರ: ಬೇಕೇ ಬೇಕು. ‘ಗ್ರೋಯಿಂಗ್’ ತಪ್ಪು. ಸಿಕ್ಕಿದ್ದಕ್ಕೆಲ್ಲ ‘ಇಂಗ್’ ಅಂಟಿಸಲು ಹೇಳಿಕೊಡುವ ಮೂವತ್ತು ದಿನದ ಸ್ಪೋಕನ್ ಇಂಗ್ಲಿಷ್ ಕ್ಲಾಸುಗಳಿಂದ ದಯವಿಟ್ಟು ದೂರವಿರಿ. ನೋಡಬೇಕಾದ್ದು ಇಷ್ಟು: ಆ ವಸ್ತು ತಾನೇ ಕೆಲಸ ಮಾಡುತ್ತದೋ, ಅದರ ಮೇಲೆ ಕೆಲಸ ನಡೆಯುತ್ತದೋ? ಕಾಫಿಯನ್ನು ಬೆಳೆಸುವವರು ನೀವು. ಆದ್ದರಿಂದ ಕ್ರಿಯಾಪದದ ಮೂರನೇ ರೂಪ: ಗ್ರೋ, ಗ್ರ್ಯೂ, ಗ್ರೋನ್. ಕೈಯಲ್ಲಿ ಕೊಯ್ದ ಹಣ್ಣು ‘ಹ್ಯಾಂಡ್-ಪಿಕ್ಡ್’, ಕಣದಲ್ಲಿ ಬಿಸಿಲಿಗೆ ಒಣಗಿಸಿದ್ದು ‘ಸನ್-ಡ್ರೈಡ್’. ‘ಸನ್ ಡ್ರೈ’ ಅಲ್ಲ. ಹಾಲುವಾಣದ ಮರ ತಾನೇ ನೆರಳು ಕೊಡುತ್ತದೆ, ಅದು ‘ಶೇಡ್-ಗಿವಿಂಗ್ ಟ್ರೀ’.

ಎರಡು ಪದ ಒಂದೇ ವಿಶೇಷಣವಾಗಿ ನಾಮಪದಕ್ಕಿಂತ ಮೊದಲು ಬಂದರೆ ನಡುವೆ ಹೈಫನ್ ಹಾಕಿ, ಅತ್ತಿತ್ತ ಜಾಗ ಬಿಡಬೇಡಿ. ಡಿಟಿಪಿ ಅಂಗಡಿಯಲ್ಲಿ ಉದ್ದ ಗೆರೆ ಎಳೆದು ಎರಡೂ ಬದಿ ಜಾಗ ಬಿಟ್ಟಿರುತ್ತಾರೆ. ಪ್ರೂಫ್‌ನಲ್ಲೇ ತಿದ್ದಿಸಿ, ಕವರ್ ಅಚ್ಚಾದ ಮೇಲೆ ನನ್ನನ್ನು ಕೇಳಿ ಪ್ರಯೋಜನವಿಲ್ಲ. ನಾಮಪದದ ನಂತರ ಬರುವುದಾದರೆ ‘ಅವರ್ ಕಾಫಿ ಈಸ್ ಗ್ರೋನ್ ಇನ್ ಶೇಡ್’ ಎಂದು ಬಿಡಿಸಿ ಬರೆಯುವುದು ಕ್ಷೇಮ.

ಅರ್ಥದಲ್ಲೂ ಎಚ್ಚರ ಬೇಕು. ಗಿಡ ಮರದ ನೆರಳಲ್ಲಿ ಬೆಳೆದಿದೆ ಎಂಬುದಷ್ಟೇ ಈ ಪದದ ಮಾತು. ನೆರಳಲ್ಲಿ ಒಣಗಿಸಿದ್ದು ‘ಶೇಡ್-ಡ್ರೈಡ್’. ಗೊಬ್ಬರ, ಔಷಧಿ ಹಾಕಿಲ್ಲ ಎಂಬ ಅರ್ಥವಂತೂ ಇಲ್ಲವೇ ಇಲ್ಲ. ನಮ್ಮ ದೇಶದ ಬಹುಪಾಲು ಕಾಫಿ ನೆರಳಲ್ಲೇ ಬೆಳೆಯುವುದು, ಅದೆಲ್ಲ ಆರ್ಗ್ಯಾನಿಕ್ ಆಗಿಬಿಡುವುದಿಲ್ಲ. ಚೆಂದ ಕಾಣುತ್ತದೆಂದು ‘ಬರ್ಡ್ ಫ್ರೆಂಡ್ಲಿ’ ಎಂದೂ ಸೇರಿಸಬೇಡಿ. ಅದು ಅಮೆರಿಕದ ಸ್ಮಿತ್‌ಸೋನಿಯನ್ ಸಂಸ್ಥೆ ಕೊಡುವ ಪ್ರಮಾಣಪತ್ರದ ಹೆಸರು, ಅದಕ್ಕೆ ಆರ್ಗ್ಯಾನಿಕ್ ಪ್ರಮಾಣಪತ್ರವೂ ಇರಬೇಕು.

ಪ್ರಶ್ನೆ: ಸಕಲೇಶಪುರದ ನಮ್ಮ ಹೋಂಸ್ಟೇ ಬೋರ್ಡಿನಲ್ಲಿ ‘ಹಂಡ್ರೆಡ್ ಇಯರ್ಸ್ ಓಲ್ಡ್ ಟ್ರೀಸ್’ ಸರಿಯೇ?

ಉತ್ತರ: ‘ಹಂಡ್ರೆಡ್-ಇಯರ್-ಓಲ್ಡ್ ಟ್ರೀಸ್’. ‘ಇಯರ್’ಗೆ ಬಹುವಚನವಿಲ್ಲ, ಹೈಫನ್ ಎರಡು. ಮೊದಲನೆಯದನ್ನು ಬಿಟ್ಟರೆ ಒಂದು ವರ್ಷದ ನೂರು ಸಸಿ ಎಂದಾಗುತ್ತದೆ.

ಪ್ರಶ್ನೆ: ‘ಫ್ರೆಶ್ಲಿ ರೋಸ್ಟೆಡ್’ ನಡುವೆ?

ಉತ್ತರ: ಹಾಕಬೇಡಿ. ‘ಲಿ’ ಎಂದು ಮುಗಿಯುವ ಕ್ರಿಯಾವಿಶೇಷಣದ ನಂತರ ಹೈಫನ್ ಇಲ್ಲ.